ಟಾರ್ಚಿನ ಸೆಲ್ಲಲ್ಲ ಇದು

ಅಪ್ಪ ಟಾರ್ಚಿನ ಸೆಲ್ಲುಗಳನ್ನು ಬಿಸಿಲಿಗೆ ಇಡುತ್ತಿದ್ದ. ಮೂರು ಸೆಲ್ಲಿನ ಉದ್ದನೆಯ ಟಾರ್ಚು. ತೋಟಕ್ಕೆ, ಕೊಟ್ಟಿಗೆಗೆ, ರಾತ್ರಿ ನಾಯಿ ಬೊಗಳಿದರೆ ಅಂಗಳಕ್ಕೆ, ಎಲ್ಲದಕ್ಕೂ ಅದೇ. ಬೆಳಕು ಹಳದಿಯಾಗಿ, ಕೆಂಪಾಗಿ, ಕೊನೆಗೆ ಮಿಂಚುಹುಳದಷ್ಟಕ್ಕೆ ಇಳಿದಾಗ ಸೆಲ್ಲು ತೆಗೆದು, ಅಡಿಕೆ ಹರವಿದ ಚಾಪೆಯ ಅಂಚಿಗೆ ಸಾಲಾಗಿ ಮಲಗಿಸುತ್ತಿದ್ದ. ಸಂಜೆ ಹಾಕಿದರೆ ಮತ್ತೆ ಮೂರು ದಿನ ನಡೆಯುತ್ತಿತ್ತು. ಟಾರ್ಚಿಗೆ ಆಗದು ಎಂದಾದಾಗ ರೇಡಿಯೊಗೆ. ರೇಡಿಯೊ ಗೊರಗೊರ ಅಂದಮೇಲೆ ನಮ್ಮ ಕೈಗೆ. ಕಲ್ಲಿನಲ್ಲಿ ಜಜ್ಜಿ, ಒಳಗಿನ ಕರಿ ಕಡ್ಡಿ ತೆಗೆದು, ಅಂಗಳದ ಚಪ್ಪಡಿ ಮೇಲೆ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಸೆಲ್ಲು ಜಜ್ಜುವ ಮಕ್ಕಳನ್ನು ಯಾರೂ ಗದರುತ್ತಿರಲಿಲ್ಲ. ಊಟಕ್ಕೆ ಕೂರುವ ಮುಂಚೆ ಕೈ ತೊಳೆದುಕೊಳ್ಳಿ ಅನ್ನುತ್ತಿದ್ದರು, ಅಷ್ಟೆ.

ಸತ್ತ ಸೆಲ್ಲಿನಲ್ಲಿ ಜೀವ ಹುಡುಕುವ ಚಟ ನನಗೆ ಅಲ್ಲಿಂದಲೇ ಅಂಟಿದ್ದು. ಈಗ ಊರು ಬೆಂಗಳೂರು, ಸೆಲ್ಲೂ ಬೇರೆ. ಎಸ್.ಪಿ. ರಸ್ತೆಯ ಓಣಿಗಳಲ್ಲಿ, ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಹಾಸಿದ ಗೋಣಿತಾಟಿನ ಮೇಲೆ ಹಳೇ ಲ್ಯಾಪ್‌ಟಾಪ್ ಬ್ಯಾಟರಿಗಳು ರಾಶಿ ಬಿದ್ದಿರುತ್ತವೆ. ಒಂದನ್ನು ತಂದು, ಪ್ಲಾಸ್ಟಿಕ್ ಚಿಪ್ಪಿನ ಕೂಡುಗೆರೆಗೆ ಉಗುರು ತೂರಿಸಿ ಬಿಚ್ಚಿದರೆ ಒಳಗೆ ಬೆರಳು ಗಾತ್ರದ ಆರು ಸೆಲ್ಲು, ಸಾಮಾನ್ಯವಾಗಿ ಎರಡೆರಡರ ಮೂರು ಜೋಡಿ. ಮೂರರಲ್ಲಿ ಒಂದು ಜೋಡಿ ಸೊರಗಿದರೂ ಸಾಕು, ಒಳಗಿನ ಪುಟ್ಟ ಬೋರ್ಡು ಇಡೀ ಬ್ಯಾಟರಿಯನ್ನೇ ಬಂದ್ ಮಾಡಿಬಿಡುತ್ತದೆ. ಎಷ್ಟೋ ಸಲ ಉಳಿದ ನಾಲ್ಕು ಗಟ್ಟಿಮುಟ್ಟಾಗಿಯೇ ಇರುತ್ತವೆ. ಕರೆಂಟು ಹೋದಾಗ ಉರಿಯುವ ಎಲ್‌ಇಡಿ ದೀಪ, ವೈಫೈ ಪೆಟ್ಟಿಗೆಗೊಂದು ಆಸರೆ, ಪವರ್ ಬ್ಯಾಂಕು, ಸ್ಪೀಕರ್, ಹೀಗೆ ಏನೆಲ್ಲ ಮಾಡಬಹುದು. ಮಾಡಿದ್ದೇನೆ ಕೂಡ. ಮಾಡಿ ಮಿಕ್ಕಿದವನ್ನು ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿದ್ದೆ. ‘ಇರಲಿ, ಯಾವುದಕ್ಕಾದರೂ ಬರುತ್ತೆ.’ ನಮ್ಮ ಮನೆಗಳ ಅಟ್ಟ ತುಂಬಿರುವುದೇ ಈ ಒಂದು ಮಾತಿನಿಂದ.

ಆಯುಧಪೂಜೆಗೆ ಮನೆ ಗುಡಿಸುವಾಗ ಅಣ್ಣನ ಮಗ ಏಣಿ ಹತ್ತಿದ್ದ. ‘ಚಿಕ್ಕಪ್ಪ, ಏನಿದು, ಈ ಪಾಟಿ ಭಾರ?’ ಅಂತ ಡಬ್ಬಿಯನ್ನು ಓರೆ ಮಾಡಿದ. ಸೆಲ್ಲುಗಳು ಒಂದು ಮೂಲೆಗೆ ಉರುಳಿದ ಸದ್ದು. ಅದರ ಹಿಂದೆಯೇ ಒಗ್ಗರಣೆಗೆ ಒಂದೇ ಒಂದು ಸಾಸಿವೆ ಬಿದ್ದಂತೆ ‘ಚಿಟ್’. ಸ್ವಲ್ಪ ಹೊತ್ತಿಗೆ ಸಿಹಿಸಿಹಿಯಾದ ಒಂದು ವಾಸನೆ. ಅಡುಗೆಮನೆಯಿಂದ ಅಮ್ಮ ‘ಯಾರೋ ಅದು ಈ ಹೊತ್ತಲ್ಲಿ ಉಗುರಿಗೆ ಬಣ್ಣ ಹಚ್ಚೋದು?’ ಅಂದಳು. ಡಬ್ಬಿ ಮುಟ್ಟಿದರೆ ತಳ ಸುಡುತ್ತಿತ್ತು. ಕೈಗೆ ಸಿಕ್ಕ ಮಸಿಬಟ್ಟೆಯಲ್ಲಿ ಹಿಡಿದು ತಾರಸಿಗೆ ಓಡಿದೆ. ಬಿಸಿಯಾಗುತ್ತಿರುವ ಸೆಲ್ಲನ್ನು ಹೊಟ್ಟೆಗೆ ಅವಚಿಕೊಂಡು ಮೆಟ್ಟಿಲು ಹತ್ತುವುದಕ್ಕಿಂತ ದಡ್ಡತನ ಇನ್ನೊಂದಿಲ್ಲ ಎಂಬುದು ಆಮೇಲೆ ಹೊಳೆಯಿತು.

ತಣ್ಣಗಾದ ಮೇಲೆ ನೋಡಿದೆ. ಒಂದು ಸೆಲ್ಲಿನ ನೀಲಿ ಹೊದಿಕೆ ಹರಿದು, ಒಳಗಿನ ಉಕ್ಕು ಬೆರಳ ಉಗುರಿನಷ್ಟು ಕಾಣುತ್ತಿತ್ತು. ಆ ಬೋಳು ಜಾಗ ಡಬ್ಬಿಯ ತಳಕ್ಕೆ ತಾಗಿದೆ, ಪ್ಲಸ್ ತಲೆ ಡಬ್ಬಿಯ ಗೋಡೆಗೆ ತಾಗಿದೆ. ನಡುವೆ ಯಾರೂ ತಂತಿ ಎಳೆಯಬೇಕಾಗಿರಲಿಲ್ಲ, ಡಬ್ಬಿಯೇ ತಂತಿಯಾಗಿತ್ತು. ಪುಣ್ಯಕ್ಕೆ ವರ್ಷಗಟ್ಟಲೆ ಬಿದ್ದಿದ್ದ ಆ ಸೆಲ್ಲಿನಲ್ಲಿ ಹೆಚ್ಚು ಚಾರ್ಜ್ ಉಳಿದಿರಲಿಲ್ಲ. ಅಕ್ಕಪಕ್ಕದವು ನಲವತ್ತು ಇದ್ದವು. ಯಾವುದರಲ್ಲಿ ಎಷ್ಟಿದೆ, ಯಾವುದು ಎಲ್ಲಿಂದ ಬಂದದ್ದು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಸೆಲ್ಲನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹೆಸರು 18650. ಅಡ್ಡಳತೆ 18 ಮಿಲಿಮೀಟರ್, ಉದ್ದ 65, ಕೊನೆಯ ಸೊನ್ನೆ ‘ಇದು ಕೊಳವೆಯಾಕಾರದ್ದು’ ಎನ್ನಲು. ತೂಕ 45 ಗ್ರಾಂ ಆಸುಪಾಸು. ಮೈಯೆಲ್ಲ ಮೈನಸ್. ತಳ ಮಾತ್ರವಲ್ಲ, ಇಡೀ ಉಕ್ಕಿನ ಕೊಳವೆ ಮೈನಸ್ಸೇ. ಆ ಕೊಳವೆ ಮೇಲುಗಡೆ ಬಾಗಿ, ಭುಜದಂತೆ ಒಳಕ್ಕೆ ಮಡಚಿಕೊಂಡು, ಪ್ಲಸ್ ತಲೆಯ ಸುತ್ತ ಬಳೆಯಂತೆ ಕೂತಿರುತ್ತದೆ. ಪ್ಲಸ್ಸಿಗೂ ಈ ಭುಜಕ್ಕೂ ನಡುವೆ ಇರುವುದು ಒಂದೆರಡು ಮಿಲಿಮೀಟರ್ ಸಂದು, ಅದರ ಮೇಲೊಂದು ಕಾಗದದ ಉಂಗುರ, ಅದನ್ನು ಹಿಡಿದಿಡುವ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ಟಾರ್ಚಿನ ಸೆಲ್ಲು ಎಂದರೆ ಮೇಲೆ ಪ್ಲಸ್, ಕೆಳಗೆ ಮೈನಸ್ ಎಂದು ಕಲಿತವರು ಮೋಸ ಹೋಗುವುದು ಇಲ್ಲೇ. ಹಳೇ ಬ್ಯಾಟರಿಯಿಂದ ಸೆಲ್ಲು ಬಿಡಿಸುವಾಗ ನಿಕ್ಕಲ್ ಪಟ್ಟಿಯನ್ನು ಕಟಿಂಗ್ ಪ್ಲೇಯರಿನಿಂದ ಎಳೆಯುತ್ತೇವಲ್ಲ, ಆಗ ಮೊದಲು ಹರಿಯುವುದು ಈ ಹೊದಿಕೆಯೇ. ಪಟ್ಟಿಯ ಚೂಪು ತುದಿ ಒಂದಿಷ್ಟು ಅಲ್ಲೇ ಉಳಿದು ಪಕ್ಕದ ಸೆಲ್ಲಿನ ಹೊದಿಕೆಯನ್ನೂ ಗೀರುತ್ತದೆ.

ಒಳಗಿನ ವಿಷಯಕ್ಕೆ ಬಂದರೆ, ಅಪ್ಪನ ಸೆಲ್ಲಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ದ್ರವದ್ದು. ಅಪ್ಪನದರಲ್ಲಿ ಇದ್ದದ್ದು ನವಸಾಗರ ಬೆರೆತ ಒದ್ದೆ ಗಂಜಿ. ನೀರಿನ ಅಂಶ, ಹತ್ತಿ ಉರಿಯುವ ಮಾತೇ ಇಲ್ಲ, ಹೆಚ್ಚೆಂದರೆ ಸೋರಿ ಟಾರ್ಚು ತುಕ್ಕು ಹಿಡಿಯುತ್ತಿತ್ತು. ಲಿಥಿಯಂ ಸೆಲ್ಲಿನಲ್ಲಿ ನೀರಿಗೆ ಜಾಗವಿಲ್ಲ. ಅಲ್ಲಿರುವುದು ಥಿನ್ನರಿನಂತೆ ಸುಲಭವಾಗಿ ಹೊತ್ತಿಕೊಳ್ಳುವ ಸಾವಯವ ದ್ರವ. ಅಮ್ಮನ ಮೂಗಿಗೆ ಉಗುರಿನ ಬಣ್ಣ ಅನ್ನಿಸಿದ್ದು ಅದೇ. ಇನ್ನು ಶಕ್ತಿ. ಒಳ್ಳೆಯ ಸೆಲ್ಲೊಂದು ಪೂರ್ತಿ ತುಂಬಿದಾಗ 4.2 ವೋಲ್ಟ್, ಹೆಚ್ಚುಕಡಿಮೆ 10 ವಾಟ್-ಅವರ್. ಲೆಕ್ಕ ಹಾಕಿದರೆ 36 ಸಾವಿರ ಜೂಲ್. ಒಂದು ಸಣ್ಣ ಲೋಟ ನೀರು ಕುದಿಸಲು ಸಾಕು. ಇದು ಬರೀ ವಿದ್ಯುತ್ತಿನ ಲೆಕ್ಕ, ದ್ರವ ಉರಿದು ಹುಟ್ಟುವ ಶಾಖ ಬೇರೆ.

ಈ ಸೆಲ್ಲಿಗೆ ಬೆಂಕಿ ಹತ್ತುವ ರೀತಿಯೂ ವಿಚಿತ್ರ. ಒಳಗೆ ಎರಡು ಧ್ರುವದ ಹಾಳೆಗಳನ್ನು ಸುರುಳಿ ಚಾಪೆಯಂತೆ ಸುತ್ತಿ, ನಡುವೆ ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಪರದೆ ಇಟ್ಟಿರುತ್ತಾರೆ. ಯಾವುದೋ ಕಾರಣಕ್ಕೆ ಸೆಲ್ಲು 80-100 ಡಿಗ್ರಿ ದಾಟಿತು ಅನ್ನಿ, ಮೈನಸ್ ಹಾಳೆಯ ಮೇಲಿನ ರಕ್ಷಣೆಯ ಪೊರೆ ಒಡೆಯಲು ಶುರುವಾಗುತ್ತದೆ, ಅದೇ ಇನ್ನಷ್ಟು ಶಾಖ ಕೊಡುತ್ತದೆ. 130ರ ಸುಮಾರಿಗೆ ಪಾಲಿಥೀನಿನ ಪರದೆ ಕರಗುತ್ತದೆ. ಎರಡು ಹಾಳೆಗಳು ನೇರ ತಾಗಿದವು ಅಂದರೆ ಮುಗಿಯಿತು. ಶಾಖ ಏರುತ್ತ ಹೋಗಿ 200ರ ಆಸುಪಾಸಿಗೆ ಪ್ಲಸ್ ಹಾಳೆಯ ಆಕ್ಸೈಡುಗಳೇ ಆಮ್ಲಜನಕ ಬಿಡತೊಡಗುತ್ತವೆ. ಥರ್ಮಲ್ ರನ್‌ಅವೇ ಎನ್ನುವುದು ಇದನ್ನೇ. ಶಾಖವೇ ಶಾಖವನ್ನು ಹೆತ್ತು ಹಗ್ಗ ಬಿಚ್ಚಿದ ಹೋರಿಯಂತೆ ಓಡುವುದು. ಆಗ ಹೊರಡುವ ಬಿಳಿ ಹೊಗೆ ಹಬೆಯಲ್ಲ. ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ಉರಿಯುವ ಆವಿ, ಅದರ ಜೊತೆಗೆ ಕಣ್ಣು ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ತುಂಬಿ ಕಿಡಿ ತಾಗಿದರೆ ಬಾಗಿಲೇ ಹಾರಿಹೋಗಬಹುದು.

ಅಮ್ಮ ಹಳ್ಳಿಯಲ್ಲಿ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದಳು. ಗಾಳಿ ತಪ್ಪಿಸಿದರೆ ಬೆಂಕಿ ತಗ್ಗುತ್ತದೆ ಎಂಬುದು ನಮ್ಮ ಮೂಳೆಗೆ ಇಳಿದ ತಿಳಿವಳಿಕೆ. ಒಳಗೇ ಆಮ್ಲಜನಕ ಹುಟ್ಟಿಸಿಕೊಳ್ಳುವ ಸೆಲ್ಲಿನ ಮುಂದೆ ಆ ತಿಳಿವಳಿಕೆ ನಡೆಯದು. ಕಂಬಳಿ ಹೊದಿಸಿದರೂ, ಪುಡಿ ಎರಚಿದರೂ ಜ್ವಾಲೆ ಅಡಗಬಹುದು, ಒಳಗಿನ ಕುದಿ ಅಡಗುವುದಿಲ್ಲ. ಬೇಕಾದದ್ದು ತಂಪು. ಒಂದರ ಶಾಖ ಪಕ್ಕದ್ದಕ್ಕೆ ದಾಟಿತೋ, ಅಲ್ಲಿಂದ ಮುಂದೆ ಸರಪಟಾಕಿ.

ಹೊಸ ಸೆಲ್ಲಿಗೂ ಇದೆಲ್ಲ ಆಗಬಹುದು. ಸೋನಿ ಕಂಪನಿ 1991ರಲ್ಲಿ ಲಿಥಿಯಂ ಅಯಾನ್ ಸೆಲ್ಲನ್ನು ಮೊದಲು ಮಾರುಕಟ್ಟೆಗೆ ತಂದಿತು. 2006ರಲ್ಲಿ ಅದೇ ಕಂಪನಿಯ ಸೆಲ್ಲುಗಳಿದ್ದ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಜಗತ್ತಿನೆಲ್ಲೆಡೆಯಿಂದ ವಾಪಸ್ ತರಿಸಬೇಕಾಯಿತು. ಡೆಲ್ ಒಂದೇ 41 ಲಕ್ಷ ವಾಪಸ್ ಕರೆಯಿತು. ಕಾರಣ, ತಯಾರಿಕೆಯ ಹೊತ್ತಿನಲ್ಲಿ ಒಳಸೇರಿದ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಚೂರು. ಆದರೂ ಅಲ್ಲೊಂದು ಅನುಕೂಲವಿತ್ತು. ಯಾವ ಸೆಲ್ಲು, ಯಾವಾಗ ತಯಾರಾದದ್ದು, ಯಾರ ಮನೆಗೆ ಹೋಗಿದೆ ಎಂಬ ಲೆಕ್ಕ ಪುಸ್ತಕದಲ್ಲಿತ್ತು. ಗುಜರಿಯಿಂದ ಬಂದ ಸೆಲ್ಲಿಗೆ ಜಾತಕವೇ ಇಲ್ಲ. ಅದು ಯಾರದೋ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಏಪ್ರಿಲ್ ಬಿಸಿಲಿಗೆ ಬೆಂದಿತ್ತೋ, ನೆಲಕ್ಕೆ ಬಿದ್ದು ಒಳಗೆ ನೆಗ್ಗಿದೆಯೋ, ವರ್ಷಗಟ್ಟಲೆ ಸೊನ್ನೆ ವೋಲ್ಟಿಗೆ ಇಳಿದು ಮಲಗಿತ್ತೋ ಮೈಮೇಲೆ ಬರೆದಿರುವುದಿಲ್ಲ. ಈ ಕೊನೆಯದು ಬಹಳ ಕೆಟ್ಟದ್ದು. ತೀರಾ ಕೆಳಗಿಳಿದ ಸೆಲ್ಲಿನಲ್ಲಿ ಮೈನಸ್ ಕಡೆಯ ತಾಮ್ರದ ಹಾಳೆ ದ್ರವದಲ್ಲಿ ಕರಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಂದರಲ್ಲಿ ಕೂತು ಒಳಗೊಳಗೇ ಸೇತುವೆ ಕಟ್ಟುತ್ತದೆ. ‘ಸತ್ತಿದ್ದ ಸೆಲ್ಲು ಎದ್ದು ಕೂತಿತು ನೋಡಿ’ ಎಂದು ಹಿಗ್ಗುವವರನ್ನು ಕಂಡರೆ ಈಗ ನನಗೆ ದಿಗಿಲಾಗುತ್ತದೆ. ಎರಡು ವೋಲ್ಟಿಗಿಂತ ಕೆಳಗೆ ಸಿಕ್ಕ ಸೆಲ್ಲಿಗೆ ನಮ್ಮ ಮನೆಯಲ್ಲಿ ಎರಡನೇ ಅವಕಾಶವಿಲ್ಲ.

ಹಾಗಂತ ಮರುಬಳಕೆಯೇ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. 2014ರಲ್ಲಿ ಐಬಿಎಂನ ಭಾರತದ ಸಂಶೋಧಕರು ಎಸೆದ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ದೀಪ ಉರಿಸುವ ಒಂದು ಪೆಟ್ಟಿಗೆ ಮಾಡಿ ಬೆಂಗಳೂರಿನಲ್ಲೇ ಪರೀಕ್ಷೆಗೆ ಕೊಟ್ಟಿದ್ದರು, ಬೀದಿಬದಿ ವ್ಯಾಪಾರಿಗಳಿಗೆ, ಕೊಳೆಗೇರಿಯ ಮನೆಗಳಿಗೆ. ಊರ್ಜಾ ಮತ್ತು ಜಾರ್ ಸೇರಿಸಿ ‘ಊರ್ಜಾರ್’ ಎಂದು ಹೆಸರು. ಅವರು ನೋಡಿದ ಎಸೆದ ಬ್ಯಾಟರಿಗಳಲ್ಲಿ ಕನಿಷ್ಠ ಶೇ 70ರಲ್ಲಿ ಒಂದು ಎಲ್‌ಇಡಿಯನ್ನು ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು, ವರ್ಷಪೂರ್ತಿ ಉರಿಸುವಷ್ಟು ಕಸುವು ಉಳಿದಿತ್ತು. ಅಪ್ಪ ಕೇಳಿದ್ದರೆ ‘ನಾ ಹೇಳ್ಲಿಲ್ವಾ’ ಅನ್ನುತ್ತಿದ್ದ. ಆದರೆ ಅಲ್ಲಿ ಪ್ರತಿ ಸೆಲ್ಲನ್ನೂ ಅಳೆದು, ಆರಿಸಿ, ರಕ್ಷಣೆಯ ಸರ್ಕ್ಯೂಟಿಗೆ ಕಟ್ಟಿ ಕೊಟ್ಟಿದ್ದರು. ಬಿಸ್ಕತ್ತಿನ ಡಬ್ಬಿಗೆ ಸುರಿದಿರಲಿಲ್ಲ.

ನಾನು ಹೇಳಬೇಕೆಂದಿರುವುದೂ ಇಷ್ಟೇ. ಹಳೇ ಸೆಲ್ಲನ್ನು ಬಳಸುವಾಗ ನಮ್ಮ ಕಣ್ಣು ಅದರ ಮೇಲಿರುತ್ತದೆ. ಬಳಸದೆ ಎತ್ತಿಟ್ಟಾಗ ಮರೆಯುತ್ತೇವೆ. ಅಟ್ಟದ ಮೇಲಿನ ತಾಮ್ರದ ಹಂಡೆ, ಮುರಿದ ಫ್ಯಾನು, ಹಳೇ ಪಂಚಾಂಗಗಳು ನಾವು ಮರೆತರೂ ಸುಮ್ಮನಿರುತ್ತವೆ. ಲಿಥಿಯಂ ಸೆಲ್ಲು ಸುಮ್ಮನಿರುವುದಿಲ್ಲ, ಕತ್ತಲಲ್ಲಿ ಕೂತೇ ನಿಧಾನಕ್ಕೆ ಬದಲಾಗುತ್ತಿರುತ್ತದೆ.

ಅಡುಗೆ ಅನಿಲದ ಸಿಲಿಂಡರು ಮನೆಗೆ ಬಂದಾಗ ಅದರೊಂದಿಗೆ ಒಂದು ನಡವಳಿಕೆಯೂ ಬಂತು. ರಾತ್ರಿ ರೆಗ್ಯುಲೇಟರ್ ಆರಿಸು, ವಾಸನೆ ಬಂದರೆ ಸ್ವಿಚ್ ಮುಟ್ಟಬೇಡ, ಕಿಟಕಿ ತೆಗೆ. ಅನಿಲಕ್ಕೆ ಬೇಕೆಂದೇ ಕೆಟ್ಟ ವಾಸನೆ ಬೆರೆಸಿರುತ್ತಾರೆ, ಓದುಬರಹ ಬಾರದ ಅಜ್ಜಿಗೂ ತಿಳಿಯಲಿ ಎಂದು. ಲಿಥಿಯಂ ಬ್ಯಾಟರಿ ಸದ್ದಿಲ್ಲದೆ ಮನೆಯ ಹತ್ತು ಮೂಲೆಗಳಿಗೆ ನುಗ್ಗಿದೆ, ಅದರ ನಡವಳಿಕೆ ಇನ್ನೂ ಬಂದಿಲ್ಲ. ವಾಸನೆ ಬರುವ ಹೊತ್ತಿಗೆ ಉಳಿದಿರುವ ಸಮಯ ಕೆಲವೇ ನಿಮಿಷ, ಕೆಲವು ಸಲ ಸೆಕೆಂಡುಗಳು.

2022ರ ಮಾರ್ಚಿನಲ್ಲಿ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಎಲೆಕ್ಟ್ರಿಕ್ ಸ್ಕೂಟರಿಗೆ ಬೆಂಕಿ ಹತ್ತಿ ಅಪ್ಪ ಮಗಳು ಹೊಗೆಯಲ್ಲಿ ಉಸಿರುಗಟ್ಟಿ ತೀರಿಕೊಂಡರು. ಮುಂದಿನ ತಿಂಗಳು ನಿಜಾಮಾಬಾದಿನಲ್ಲಿ ಮನೆಯೊಳಗೆ ಚಾರ್ಜಿಗಿಟ್ಟ ಸ್ಕೂಟರ್ ಬ್ಯಾಟರಿ ಸಿಡಿದು 80 ವರ್ಷದ ಅಜ್ಜ ಸತ್ತರು. ಅದೇ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಹೋಟೆಲೊಂದರ ಕೆಳಗಿದ್ದ ಸ್ಕೂಟರ್ ಮಳಿಗೆಯ ಬೆಂಕಿಗೆ ಎಂಟು ಮಂದಿ. ಅಲ್ಲಿ ಹೊಗೆ ಮೆಟ್ಟಿಲ ದಾರಿ ಹಿಡಿದು ಮೇಲಿನ ಕೋಣೆಗಳಿಗೆ ಏರಿತ್ತು. 2024ರ ನವೆಂಬರಿನಲ್ಲಿ ನಮ್ಮ ರಾಜಾಜಿನಗರದ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯೊಂದು ಹೊತ್ತಿ ಉರಿದು, ಅಲ್ಲಿ ಕೆಲಸಕ್ಕಿದ್ದ 20 ವರ್ಷದ ಹುಡುಗಿ ಹೊರಬರಲಾಗದೆ ಹೋದಳು. ಇವು ಗುಜರಿ ಸೆಲ್ಲಿನ ಕಥೆಗಳಲ್ಲ, ಅಂಗಡಿಯ ಮಾಲಿನವು. ನಾನು ಇವನ್ನು ಇಲ್ಲಿ ತಂದದ್ದು ಜಾಗದ ಕಾರಣಕ್ಕೆ. ಬೆಂಕಿಯ ಮಾತು ಬಂದಾಗಲೆಲ್ಲ ನಾವು ಜ್ವಾಲೆಯನ್ನೇ ನೆನೆಯುತ್ತೇವೆ, ಕೊಲ್ಲುವುದು ಹೆಚ್ಚಾಗಿ ಹೊಗೆ ಮತ್ತು ಮುಚ್ಚಿಹೋದ ದಾರಿ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಸ್ಕೂಟರು ನಿಲ್ಲಿಸಿ ಚಾರ್ಜಿಗೆ ಹಾಕುವ ಜಾಗ ಯಾವುದು ಹೇಳಿ? ಮೆಟ್ಟಿಲ ಕೆಳಗೆ. ಮೇಲಿನ ಮೂರು ಮಹಡಿಗೂ ಇಳಿಯಲು ಇರುವುದು ಆ ಒಂದೇ ಮೆಟ್ಟಿಲು.

ಗುಜರಿ ಸೆಲ್ಲಿನ ಬಿಸಿ ಚೆನ್ನಾಗಿ ತಟ್ಟಿದ ಊರು ನ್ಯೂಯಾರ್ಕ್. ಊಟ ಹಂಚುವ ಹುಡುಗರ ಇ-ಬೈಕುಗಳು, ಹಳೇ ಸೆಲ್ಲುಗಳನ್ನು ಜೋಡಿಸಿದ ಅಗ್ಗದ ಬ್ಯಾಟರಿಗಳು, ಒಂದೇ ಪ್ಲಗ್ಗಿಗೆ ಹತ್ತಾರು ಚಾರ್ಜರು. 2023 ಒಂದೇ ವರ್ಷ ಅಲ್ಲಿ ಲಿಥಿಯಂ ಬ್ಯಾಟರಿಯಿಂದ 268 ಬೆಂಕಿ ಅನಾಹುತ, 18 ಸಾವು. ಅವುಗಳಲ್ಲಿ ನಾಲ್ಕು ಸಾವು ಚೈನಾಟೌನಿನ ಇ-ಬೈಕ್ ಅಂಗಡಿಯ ಮೇಲಿನ ಮನೆಗಳಲ್ಲಿ. ಅದೇ ವರ್ಷ ನಗರವು ಹಳೇ ಬ್ಯಾಟರಿಯಿಂದ ತೆಗೆದ ಸೆಲ್ಲುಗಳನ್ನು ಕೂಡಿಸಿ ಹೊಸ ಬ್ಯಾಟರಿ ಕಟ್ಟುವುದನ್ನೂ ಮಾರುವುದನ್ನೂ ಕಾನೂನಿನಿಂದ ನಿಷೇಧಿಸಿತು. ನಮ್ಮಲ್ಲಿ 2022ರ ಕೊನೆಯಿಂದ ವಾಹನಗಳ ಬ್ಯಾಟರಿಗೆ ಬಿಗಿಯಾದ ಪರೀಕ್ಷೆಗಳು ಬಂದಿವೆ. ನನ್ನಂಥವರ ಡಬ್ಬಿಯನ್ನು ಅದು ಮುಟ್ಟುವುದಿಲ್ಲ.

ಡಬ್ಬಿಯ ಕಥೆ ಮುಂದುವರಿಸುತ್ತೇನೆ. ಹಬ್ಬ ಮುಗಿದ ಮೇಲೆ ಅಣ್ಣನ ಮಗನೂ ನಾನೂ ತಾರಸಿಯ ನೆರಳಲ್ಲಿ ಕೂತು ನಲವತ್ತೊಂದು ಸೆಲ್ಲುಗಳನ್ನೂ ಒಂದೊಂದಾಗಿ ನೋಡಿದೆವು. ಮೊದಲು ಕಣ್ಣು. ನೆಗ್ಗಿದ್ದು, ತುಕ್ಕು ಹಿಡಿದದ್ದು, ಪ್ಲಸ್ ತಲೆಯ ಸುತ್ತ ಜಿಡ್ಡು ಕಂಡದ್ದು ಆಚೆಗೆ. ಆಮೇಲೆ ಮಲ್ಟಿಮೀಟರು. ಎರಡು ವೋಲ್ಟಿಗಿಂತ ಕಡಿಮೆ ತೋರಿಸಿದ್ದು ಆಚೆಗೆ. ಆಮೇಲೆ ಅಡುಗೆಮನೆಯ ತಕ್ಕಡಿ. ಇದು ಹುಡುಗನ ಉಪಾಯ. ಹೊಳೆಯುವ ಕೆಂಪು ಹೊದಿಕೆಯ ಎರಡು ಸೆಲ್ಲಿನ ಮೇಲೆ 9800 ಎಂಎಎಚ್ ಎಂದು ಬರೆದಿತ್ತು, ತೂಗಿದರೆ ಮೂವತ್ತು ಚಿಲ್ಲರೆ ಗ್ರಾಂ! ಈ ಗಾತ್ರದ ಸೆಲ್ಲಿಗೆ ಹೆಸರುವಾಸಿ ಕಂಪನಿಗಳು ತುಂಬುವುದೇ 3500ರ ಆಸುಪಾಸು. ಯಾವುದೋ ಹಳೇ ಸೆಲ್ಲಿಗೆ ಹೊಸ ಅಂಗಿ ತೊಡಿಸಿ ನನಗೇ ಮಾರಿದ್ದರು.

ಉಳಿದವಕ್ಕೆ ಹೊಸ ಹೊದಿಕೆ, ಹೊಸ ಉಂಗುರ. ಹೊದಿಕೆ ಎಸ್.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕತ್ತರಿಸಿ ತೊಡಿಸಿ, ಬಿಸಿಗಾಳಿ ತೋರಿಸಿದರೆ ಮೈಗೆ ಅಂಟಿಕೊಳ್ಳುತ್ತದೆ. ಮೇಣದಬತ್ತಿ, ಲೈಟರ್ ಬೇಡ. ಪ್ರತಿಯೊಂದಕ್ಕೂ ನಂಬರು ಹಾಕಿ, ಎರಡು ಗೆರೆಯ ನೋಟ್ ಬುಕ್ಕಿನಲ್ಲಿ ಹುಡುಗ ಬರೆದುಕೊಂಡ. ಎಲ್ಲಿಂದ ಬಂತು, ಯಾವ ದಿನ ಎಷ್ಟು ವೋಲ್ಟ್. ಜಾತಕ ಇಲ್ಲದವಕ್ಕೆ ಜಾತಕ ಬರೆದಂತೆ. ಅವನ್ನು ಒಂದೊಂದೇ ಚಾರ್ಜ್ ಮಾಡಿ, ಮಾಡುವಾಗ ಕೈಯಿಂದ ಮುಟ್ಟಿ ನೋಡಿದೆವು. ಸಾಧಾರಣ ಕರೆಂಟಿನಲ್ಲಿ ಒಳ್ಳೆಯ ಸೆಲ್ಲು ಹೆಚ್ಚೆಂದರೆ ಉಗುರುಬೆಚ್ಚಗಾಗುತ್ತದೆ. ಮೂರು ಸೆಲ್ಲು ಬಿಸಿ ಇಡ್ಲಿಯ ಹಾಗೆ ಸುಟ್ಟವು, ಹೋದವು. ಉಳಿದವನ್ನು 4.2ಕ್ಕೆ ತುಂಬಿ ಒಂದು ತಿಂಗಳು ಮುಟ್ಟದೆ ಬಿಟ್ಟೆವು. ತಿಂಗಳ ಕೊನೆಗೆ ನಾಲ್ಕಕ್ಕಿಂತ ಕೆಳಗೆ ಜಾರಿದವು ಒಳಗೆಲ್ಲೋ ಸೋರುತ್ತಿವೆ ಎಂದೇ ಅರ್ಥ. ನಲವತ್ತೊಂದರಲ್ಲಿ ಉಳಿದದ್ದು ಇಪ್ಪತ್ತೆರಡು. ಇದ್ದ ಬುದ್ಧಿ ಬಳಸಿದ್ದರೆ ಅಷ್ಟನ್ನೂ ಇಟ್ಟುಕೊಳ್ಳಬೇಕಿರಲಿಲ್ಲ. ನಾಲ್ಕು ಸೆಲ್ಲಿನ ಕೆಲಸಕ್ಕೆ ನಲವತ್ತು ಯಾಕೆ?

ಇಡುವುದೆಲ್ಲಿ ಎಂಬುದಕ್ಕೆ ಬಹಳ ತಲೆ ಕೆಡಿಸಿಕೊಂಡೆವು. ಅಟ್ಟ ಖಂಡಿತ ಬೇಡ. ಬೇಸಿಗೆಯಲ್ಲಿ ಚಾವಣಿಗೆ ಹತ್ತಿದ ಜಾಗ ಮನೆಯಲ್ಲೇ ಹೆಚ್ಚು ಕಾಯುವುದು, ಶೀಟಿನ ಮನೆಯಾದರೆ ಕೇಳುವುದೇ ಬೇಡ, ರಾಯಚೂರು ಕಲಬುರಗಿಯಾದರೆ ದೇವರೇ ಗತಿ. ಆ ಬಿಸಿಗೇ ಸೆಲ್ಲು ಹೊತ್ತಿಕೊಳ್ಳದು, ಆದರೆ ಬೇಗ ಮುದಿಯಾಗುತ್ತದೆ. ಹಾಸಿಗೆ ಪೆಟ್ಟಿಗೆ, ಬಟ್ಟೆ ಬೀರು, ಮೆಟ್ಟಿಲ ಕೆಳಗು, ಬಾಗಿಲ ಪಕ್ಕ ಯಾವುದೂ ಬೇಡ. ಕೊನೆಗೆ ಗೊತ್ತಾದದ್ದು ಹಿಂದಿನ ಬಾಲ್ಕನಿಯ ಸಿಮೆಂಟು ನೆಲ. ಬಿಸಿಲು ಬೀಳದು, ಮಳೆ ಎರಚದು, ಮೇಲೆ ಬಟ್ಟೆ ಒಣಹಾಕುವ ತಂತಿಯಿಲ್ಲ, ಹೊರಗೆ ಓಡುವ ದಾರಿಗೆ ಅಡ್ಡವೂ ಅಲ್ಲ.

ತಗಡಿನ ಪೆಟ್ಟಿಗೆಯ ಆಸೆ ನನಗೆ ಇನ್ನೂ ಇತ್ತು, ಬಿಗಿಯಾದ ಮುಚ್ಚಳದ್ದು. ಹುಡುಗ ‘ಚಿಕ್ಕಪ್ಪ, ಅದು ಪೆಟ್ಟಿಗೆ ಅಲ್ಲ, ಬಾಂಬು’ ಅಂದ. ಸರಿಯೇ. ಅನಿಲ ಹೊರಹೋಗಲು ದಾರಿಯಿಲ್ಲದ ಗಟ್ಟಿ ಪೆಟ್ಟಿಗೆ ಕುಕ್ಕರಿನ ವಿಷಲ್ ಕಟ್ಟಿಹಾಕಿದಂತೆ. ಅಮ್ಮ ತುಳಸಿ ಬದಲಿಸಿ ಖಾಲಿ ಬಿಟ್ಟಿದ್ದ ಮಣ್ಣಿನ ಕುಂಡಗಳು ನೆನಪಾದವು. ದಪ್ಪ ಮಣ್ಣು, ಉರಿಯದು, ಕರೆಂಟು ಹರಿಸದು, ತಳದಲ್ಲೊಂದು ತೂತು. ನಾಲ್ಕು ನಾಲ್ಕು ಸೆಲ್ಲನ್ನು ಪ್ಲಾಸ್ಟಿಕ್ಕಿನ ಸೆಲ್ ಕೇಸಿನಲ್ಲಿ ಒಂದಕ್ಕೊಂದು ತಾಗದಂತೆ ಕೂರಿಸಿ, ಒಂದು ಕುಂಡಕ್ಕೆ ಒಂದು ಕೇಸು, ಸುತ್ತ ಒಣ ಮರಳು, ಮೇಲೆ ಮಣ್ಣಿನ ತಟ್ಟೆ ಸಡಿಲವಾಗಿ. ಕುಂಡಕ್ಕೂ ಕುಂಡಕ್ಕೂ ಒಂದು ಮೊಳ ಅಂತರ. ಇದಕ್ಕೆ ಯಾವ ಪ್ರಮಾಣಪತ್ರವೂ ಇಲ್ಲ. ಹೊಗೆಯನ್ನು ಇದು ತಡೆಯುವುದಿಲ್ಲ. ಒಂದು ಕುಂಡದ ಬೆಂಕಿ ಇನ್ನೊಂದಕ್ಕೆ ಹೋಗದಿದ್ದರೆ, ಮನೆಮಂದಿ ಹೊರಗೋಡಲು ನಾಲ್ಕು ನಿಮಿಷ ಸಿಕ್ಕರೆ ಅದರ ಕೆಲಸ ಆಯಿತು.

ಇಡುವ ಮುಂಚೆ ಎಲ್ಲವನ್ನೂ ಅರ್ಧಕ್ಕಿಂತ ತುಸು ಕೆಳಗೆ, 3.7 ವೋಲ್ಟಿನ ಆಚೀಚೆಗೆ ಇಳಿಸಿದೆವು. ತುಂಬಿದ ಸೆಲ್ಲು ಸಿಟ್ಟಿನ ಸೆಲ್ಲು. ವಿಮಾನದಲ್ಲಿ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸರಕಾಗಿ ಕಳಿಸುವಾಗ ಶೇ 30ಕ್ಕಿಂತ ಹೆಚ್ಚು ಚಾರ್ಜ್ ಇರಬಾರದೆಂದು 2016ರಿಂದ ನಿಯಮವಿದೆ. ಪ್ರಯಾಣಿಕರ ವಿಮಾನದಲ್ಲಂತೂ ಅವನ್ನು ಸರಕಾಗಿ ಒಯ್ಯುವಂತೆಯೇ ಇಲ್ಲ. ಮನೆಗೂ ಅದೇ ಬುದ್ಧಿ. ಮೂರು ತಿಂಗಳಿಗೊಮ್ಮೆ, ಹುಡುಗನ ಪರೀಕ್ಷೆ ಮುಗಿದ ಭಾನುವಾರ, ವೋಲ್ಟ್ ಅಳೆದು ನೋಟ್ ಬುಕ್ಕಿಗೆ ಬರೆಯುತ್ತೇವೆ.

ಇನ್ನೊಂದು ಜಾತಿಯ ಸೆಲ್ಲಿದೆ, ಸೋಲಾರ್ ದೀಪಗಳಲ್ಲಿ, ಇ-ರಿಕ್ಷಾಗಳಲ್ಲಿ ಬರುವ ಲಿಥಿಯಂ ಐರನ್ ಫಾಸ್ಫೇಟ್. ಅದನ್ನು ಲೋಕಕ್ಕೆ ಪರಿಚಯಿಸಿದ 1997ರ ಪ್ರಬಂಧದ ಲೇಖಕರು ಪಾಧಿ, ನಂಜುಂಡಸ್ವಾಮಿ ಮತ್ತು 2019ರಲ್ಲಿ ನೊಬೆಲ್ ಪಡೆದ ಗುಡ್‌ಎನಫ್. ನಡುವಿನ ಹೆಸರು ಓದಿದಾಗ ನನ್ನ ಕಿವಿ ನೆಟ್ಟಗಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಈ ಜಾತಿ ಸುಲಭಕ್ಕೆ ಆಮ್ಲಜನಕ ಬಿಡುವುದಿಲ್ಲ, ಸ್ವಭಾವ ಸಮಾಧಾನದ್ದು. ಆದರೆ ಇದರ ಮಿತಿ 3.65 ವೋಲ್ಟ್. ನೋಡಲು ಒಂದೇ ಥರ ಇದೆಯಲ್ಲ ಎಂದು 4.2ರ ಚಾರ್ಜರಿಗೆ ಸಿಕ್ಕಿಸಿದರೆ ಸಾಧು ಸೆಲ್ಲೂ ತಿರುಗಿ ಬೀಳುತ್ತದೆ. ಎರಡು ಜಾತಿಯನ್ನೂ ಒಂದೇ ಕೇಸಿನಲ್ಲಿ ಇಡದಿರುವುದು ವಾಸಿ.

ಮೊಬೈಲಿನ ಚಪ್ಪಟೆ ಬ್ಯಾಟರಿ ಹಪ್ಪಳದಂತೆ ಉಬ್ಬಿದ್ದರೆ ಅದು ಸಂಗ್ರಹದ ಸಾಮಾನೇ ಅಲ್ಲ. ಒತ್ತಿ ಚಪ್ಪಟೆ ಮಾಡುವುದು, ಸೂಜಿಯಿಂದ ಗಾಳಿ ಬಿಡುವುದು ಎರಡನ್ನೂ ಜನ ಮಾಡುವುದನ್ನು ನೋಡಿದ್ದೇನೆ. ಒಳಗಿರುವುದು ಗಾಳಿಯಲ್ಲ, ಉರಿಯುವ ಅನಿಲ. ಉಪ್ಪುನೀರಿನಲ್ಲಿ ಮುಳುಗಿಸಿ ‘ಸಾಯಿಸುವ’ ಉಪಾಯವೂ ಹಬ್ಬಿದೆ. ಸೆಲ್ಲಿನ ತಲೆ ಬೇಗ ತುಕ್ಕು ತಿಂದುಹೋಗುತ್ತದೆ, ಒಳಗಿನ ಚಾರ್ಜು ಎಷ್ಟೋ ಸಲ ಹಾಗೇ ಉಳಿಯುತ್ತದೆ. ಆಮೇಲೆ ಅಳೆಯಲೂ ಆಗದು.

ಇಷ್ಟೆಲ್ಲ ಆಗಿಯೂ ಹೊತ್ತಿಕೊಂಡರೆ? ಮೊದಲು ಮನೆಮಂದಿ ಹೊರಗೆ, ಬಾಗಿಲು ಎಳೆದುಕೊಂಡು. 112ಕ್ಕೋ 101ಕ್ಕೋ ಫೋನು ಮಾಡಿದಾಗ ಮೊದಲ ಮಾತಿನಲ್ಲೇ ‘ಲಿಥಿಯಂ ಬ್ಯಾಟರಿ’ ಅನ್ನಬೇಕು. ನೀರು ಹಾಕಬಾರದು ಎಂಬುದು ಶಾಲೆಯಲ್ಲಿ ನೋಡಿದ ಲಿಥಿಯಂ ಲೋಹದ ನೆನಪಿನಿಂದ ಹುಟ್ಟಿದ ಹೆದರಿಕೆ. ಈ ಸೆಲ್ಲುಗಳಲ್ಲಿ ಆ ರೂಪದ ಲೋಹ ಇಲ್ಲವೆನ್ನುವಷ್ಟು ಕಡಿಮೆ. ತಂಪು ಮಾಡಲು ನೀರೇ ಬೇಕು, ಅದೂ ಧಾರಾಳವಾಗಿ. ಒಂದೇ ಒಂದು ಸೆಲ್ಲು, ಬಯಲು ಜಾಗ, ಗೋಡೆಯ ಕರೆಂಟು ತೆಗೆದಾಗಿದೆ ಎಂದಾದರೆ ದೂರ ನಿಂತು ಬಕೆಟ್ಟು ಎರಚಬಹುದು. ಹೊಗೆ ತುಂಬಿದ ಕೋಣೆಯಾದರೆ ಆ ಸಾಹಸ ಬೇಡ. ಆರಿತು ಎಂದುಕೊಂಡದ್ದು ಗಂಟೆಗಳ ಮೇಲೆ ಮತ್ತೆ ಹೊತ್ತುವುದುಂಟು.

ಆಚೆಗೆ ಹಾಕಿದ ಹತ್ತೊಂಬತ್ತು ಸೆಲ್ಲುಗಳ ಎರಡೂ ತುದಿಗೆ ಕರಿ ಇನ್ಸುಲೇಷನ್ ಟೇಪು ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು, ನಮ್ಮ ವಾರ್ಡಿನ ಒಣ ಕಸದ ಕೇಂದ್ರಕ್ಕೆ ಹೋದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿಗಳನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು, ಬೇರೆ ಕಸದ ಜೊತೆ ಬೆರೆಸದೆ ಒಪ್ಪಿಸುವ ಹೊಣೆ ನಮ್ಮದು. ಕಾಗದದಲ್ಲಿ ಚೆನ್ನಾಗಿದೆ. ಕಸದ ಲಾರಿಯ ಒತ್ತುವ ಹಲಗೆಯ ಕೆಳಗೆ ಒಂದು ಸೆಲ್ಲು ಸಿಕ್ಕರೆ ಏನಾಗುತ್ತದೆ ಎಂಬುದು ಲಾರಿಯವರಿಗೆ ಗೊತ್ತು.

ಕೇಂದ್ರದಲ್ಲಿದ್ದ ಹೆಂಗಸು ನನ್ನ ಡಬ್ಬಿ ತೆಗೆದು ನೋಡಿದಳು. ‘ಇದೇನ್ ಸಾರ್, ಎಲ್ಲದಕ್ಕೂ ಬ್ಯಾಂಡೇಜ್ ಹಾಕ್ಬಿಟ್ಟಿದೀರಾ?’

ತುದಿಗೆ ತುದಿ ತಾಗಿದರೆ ಬೆಂಕಿ ಹತ್ತುತ್ತಮ್ಮ ಅಂದೆ.

ಅವಳು ಒಂದು ಗಳಿಗೆ ಸುಮ್ಮನಿದ್ದು ಒಳಗೆ ಹೋದಳು. ಕಾಗದದ ಮೂಟೆಗಳ ಹಿಂದಿನಿಂದ ಒಂದು ಗೋಣಿಚೀಲ ಎಳೆದುಕೊಂಡು ಬಂದು ನನ್ನ ಮುಂದೆ ಬಾಯಿ ಬಿಚ್ಚಿದಳು. ಉಬ್ಬಿದ ಮೊಬೈಲ್ ಬ್ಯಾಟರಿಗಳು, ಚಿಪ್ಪು ಒಡೆದ ಪವರ್ ಬ್ಯಾಂಕುಗಳು, ಹೊದಿಕೆ ಸುಲಿದ ಸೆಲ್ಲುಗಳು, ಕೀಲಿಕೈ ಗೊಂಚಲು, ಮೊಳೆ. ಅರ್ಧ ಚೀಲ.

‘ಆ ಟೇಪು ಮಿಕ್ಕಿದ್ರೆ ಕೊಟ್ಟೋಗಿ ಸಾರ್’ ಅಂದಳು.

ಜೇಬಿನಲ್ಲಿ ಅರ್ಧ ಸುರುಳಿ ಇತ್ತು. ಕತ್ತರಿ ಅವಳ ಹತ್ತಿರವೇ ಇತ್ತು. ಚೀಲದಿಂದ ಮೊದಲು ಮೊಳೆ ಮತ್ತು ಕೀಲಿಕೈಗಳನ್ನು ಆರಿಸಿ ತೆಗೆದು, ಅಲ್ಲೇ ಒಂದು ಇಟ್ಟಿಗೆ ಎಳೆದುಕೊಂಡು ಕೂತೆ.